ಬುಟ್ಟಿಯಿಲ್ಲದೆ ಹೋದ ದಿನ

ಶನಿವಾರ, ಅಕ್ಟೋಬರ್ ೧೧

ನನ್ನ ಮುದ್ದು ಗುಬ್ಬಿ,

ಕರ್ತನ ಸಮಾಧಾನ ನಿನ್ನ ಮನೆಯಲ್ಲೂ ಮಕ್ಕಳ ಮನಸ್ಸಿನಲ್ಲೂ ತುಂಬಿರಲಿ. ನೀನು ಮೇಲಿಂದ ಮೇಲೆ ಕಾಗದ ಬರೆದರೂ ಬಾಯಿ ಮುಚ್ಚಿಕೊಂಡಿದ್ದ ಅಕ್ಕನ ಮೇಲೆ ಎಷ್ಟು ಸಿಟ್ಟಾಗಿದ್ದೀಯೋ! ಬೈದುಕೋ, ಆದರೆ ಕೊನೆಯವರೆಗೂ ಓದು. ಬರೆಯಲು ಹೊರಟರೆ ಕೈ ತಾನಾಗಿಯೇ ಮೇಜಿನ ಡ್ರಾಯರ್ ಹುಡುಕುತ್ತಿತ್ತು. ಡ್ರಾಯರೂ ಇಲ್ಲ, ಮೇಜೂ ಇಲ್ಲ. ಈಗ ಕಿಟಕಿಯ ಕಟ್ಟೆಯ ಮೇಲೆ ಹಾಳೆ ಇಟ್ಟುಕೊಂಡು ನಿಂತೇ ಬರೆಯುತ್ತಿದ್ದೇನೆ.

ಮನೆ ಸುಟ್ಟುಹೋಯಿತು, ನಾವಿಬ್ಬರೂ ಹೊರಗಿದ್ದೆವು, ಯಾರಿಗೂ ಏನೂ ಆಗಿಲ್ಲ ಎಂದಷ್ಟೇ ಫೋನಿನಲ್ಲಿ ಹೇಳಿದ್ದೆ. ಗೋಡೆಯೊಳಗಿನ ಹಳೆಯ ವೈರಿನಿಂದ ಹತ್ತಿಕೊಂಡಿತಂತೆ. ಉಳಿದದ್ದು ಮೈಮೇಲಿನ ಬಟ್ಟೆ ಮತ್ತು ನಿನ್ನ ಭಾವನ ಕನ್ನಡಕ. ಪಾದ್ರಿಗಳು ಚರ್ಚಿನ ಸಭಾಂಗಣದ ಮೇಲಿನ ಕೋಣೆ ಬಿಟ್ಟುಕೊಟ್ಟಿದ್ದಾರೆ. ಒಂದು ಮಂಚ, ಒಂದು ನಲ್ಲಿ, ಮೂಲೆಯಲ್ಲಿ ಒಂದರ ಮೇಲೊಂದು ಪೇರಿಸಿದ ಮಡಿಸುವ ಕುರ್ಚಿಗಳು. ಸಂಜೆ ಕೆಳಗೆ ಹಾಡು ಕಲಿಯುವವರ ದನಿ ನೆಲದ ಹಲಗೆಗಳ ಸಂದಿಯಿಂದ ಏರಿಬಂದು ಪಾದಕ್ಕೆ ತಾಗುತ್ತದೆ. ನೀರಿನಲ್ಲಿ ನಿಂತ ಹಾಗಿರುತ್ತದೆ.

ಭಾವ ಎಂದಿನಂತೆ ಪುಸ್ತಕಗಳಿಗೆ ರಟ್ಟು ಕಟ್ಟಲು ಅಂಗಡಿಗೆ ಹೋಗುತ್ತಾರೆ. ಅಲ್ಲಿಂದ ಉಳಿಕೆ ಬಟ್ಟೆ ತಂದು ಪರದೆ ಹೊಲಿದುಕೊಟ್ಟರು. "ಎರಡು ಸಲ ಪೊರಕೆ ಆಡಿಸಿದ್ರೆ ಮನೆಗೆಲಸ ಮುಗೀತು. ನೀನೀಗ ರಾಣಿ ಕಣೇ!" ಅಂದರು. ನಕ್ಕೆ. ಆದರೆ ಬೆಳಗಿನ ಮಂಪರಿನಲ್ಲಿ ದಿನವೂ ನಾನು ಆ ಮನೆಯೊಳಗೆ ಓಡಾಡುತ್ತೇನೆ, ಗುಬ್ಬಿ. ಗಾಜಿನ ಬೀರು ತೆರೆಯುತ್ತೇನೆ, ಉದ್ದನೆಯ ಊಟದ ಮೇಜು ಒರೆಸುತ್ತೇನೆ. ಬಟ್ಟೆಯ ಕೆಳಗೆ ಮರ ಬೆಚ್ಚಗಿರುತ್ತದೆ. ಆಮೇಲೆ ಕಣ್ಣು ಬಿಡುತ್ತೇನೆ.

ನಿನಗೆ ಗೊತ್ತಲ್ಲ, ಇಡೀ ಬೀದಿ ನನ್ನನ್ನು ಬುಟ್ಟಿಯಮ್ಮ ಎನ್ನುತ್ತಿತ್ತು. ಯಾರಿಗೆ ಜ್ವರ ಬಂದರೂ, ಯಾರ ಮನೆಯಲ್ಲಿ ಸಾವಾದರೂ ಬುಟ್ಟಿ ತುಂಬಿಕೊಂಡು ಹೊರಡುವವಳು ನಾನು. ಈಗ ಬುಟ್ಟಿಗಳೆಲ್ಲ ನಮ್ಮ ಮೆಟ್ಟಿಲು ಹತ್ತಿ ಬರುತ್ತಿವೆ. ಡಾಕ್ಟರ ಹೆಂಡತಿ ತಮ್ಮ ಬೂದು ಬಣ್ಣದ ಕೋಟು ಕೊಟ್ಟರು. ಭಾನುವಾರ ಅದನ್ನೇ ತೊಟ್ಟು ಅವರ ಹಿಂದಿನ ಸಾಲಿನಲ್ಲೇ ಕೂರಬೇಕಾಯಿತು. ಅವರು ತಿರುಗಿ ನೋಡಿ, "ನಿಮಗೇ ಚೆನ್ನಾಗಿ ಒಪ್ಪುತ್ತೆ ಬಿಡಿ" ಎಂದರು. ಪ್ರೀತಿಯಿಂದಲೇ ಅಂದದ್ದು. ನನಗೆ ಮಾತ್ರ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ತುಟಿ ಅಲುಗಲಿಲ್ಲ. ದೇವರ ಮುಂದೂ ಏನಾದರೂ ಹಿಡಿದುಕೊಂಡು ಹೋಗಿಯೇ ನನಗೆ ಅಭ್ಯಾಸ.

ಇಸ್ತ್ರಿ ಅಜ್ಜಿ ನೆನಪಿದ್ದಾಳಾ? ಊರಿನವರ ಬಟ್ಟೆಗೆಲ್ಲ ಇಸ್ತ್ರಿ ಹಾಕುತ್ತಿದ್ದವಳು, ಈಗ ಹಾಸಿಗೆ ಹಿಡಿದಿದ್ದಾಳೆ. ಪ್ರತಿ ಬುಧವಾರ ಅವಳಿಗೆ ಸಾರು, ಬ್ರೆಡ್ಡು, ಹಣ್ಣು ಒಯ್ಯುತ್ತಿದ್ದೆ. ಬೆಂಕಿಯಾದ ಮೇಲೆ ಹೋಗಿರಲಿಲ್ಲ, ಯಾವ ಮುಖ ಇಟ್ಟುಕೊಂಡು ಹೋಗಲಿ? ಮೊನ್ನೆ ಅವಳೇ ಹೇಳಿಕಳಿಸಿದಳು. ಅವಳ ಬಾಗಿಲ ಮುಂದೆ ಕೈ ಎಲ್ಲಿಡಬೇಕೆಂದು ತಿಳಿಯದೆ ಕೋಟಿನ ಜೇಬಿಗೆ ತುರುಕಿಕೊಂಡೆ.

"ಏನು ತಂದ್ಯೇ?" ಎಂದಳು ಮಲಗಿದಲ್ಲಿಂದಲೇ.

"ಏನೂ ಇಲ್ಲ ಅಜ್ಜಿ."

"ಅಬ್ಬಾ! ಹಾಗಾದ್ರೆ ಇವತ್ತು ನೀನೇ ಬಂದಿದ್ದೀಯ ಅನ್ನು. ಇಷ್ಟು ದಿನ ಬರೀ ಬುಟ್ಟಿ ಬರ್ತಿತ್ತು, ಹಿಂದಿಂದೆ ನೀನು ಓಡ್ತಿದ್ದೆ. ಒಂದು ದಿನ ಆದ್ರೂ ಕೂತಿದ್ದೀಯಾ? ಕೂತ್ಕೋ."

ಕೂತೆ. ಅವಳ ಕಣ್ಣು ತಿಳಿಜೇನಿನ ಬಣ್ಣ ಎಂದು ಆವತ್ತೇ ಗೊತ್ತಾದದ್ದು. ಕೆದರಿದ ನನ್ನ ತಲೆ ನೋಡಿ, ದಿಂಬಿನಡಿಯಿಂದ ಬಾಚಣಿಗೆ ತೆಗೆದು, "ಇಲ್ಲಿ ಬಗ್ಗು" ಎಂದಳು. ಎಳೆಎಳೆಯಾಗಿ ಸಿಕ್ಕು ಬಿಡಿಸಿದಳು. ಅಮ್ಮ ಹೋದ ಮೇಲೆ ನನ್ನ ತಲೆ ಯಾರೂ ಮುಟ್ಟಿರಲಿಲ್ಲ. ಮಂಚದ ಅಂಚಿಗೆ ಕೆನ್ನೆಯಿಟ್ಟವಳಿಗೆ ಹಾಗೇ ಜೊಂಪು ಹತ್ತಿತು.

ಕನಸಿನಲ್ಲಿ ನಮ್ಮ ಮನೆ. ಗೋಡೆಗಳಿಲ್ಲ, ಎಲ್ಲ ಕಡೆಯಿಂದ ಬೆಳಕು ಬರುತ್ತಿತ್ತು, ಹಾಲಿನ ಹಾಗೆ. ಉದ್ದನೆಯ ಮೇಜಿನ ಹತ್ತಿರ ಯಾರೋ ರೊಟ್ಟಿ ಮುರಿಯುತ್ತಿದ್ದರು. ಅಂಗೈಯಲ್ಲಿ ಹಳೆಯ ಗಾಯದ ಗುರುತಿತ್ತು. ನಾನು ಬಡಿಸಲು ತಟ್ಟೆ ಹುಡುಕುತ್ತ ಸುತ್ತುತ್ತಿದ್ದೇನೆ, ಒಂದೂ ಸಿಗುತ್ತಿಲ್ಲ, ಅಳು ಬರುತ್ತಿದೆ. ಅವರು ತಲೆಯೆತ್ತಿ, "ನಿನ್ನನ್ನೇ ಕಾಯ್ತಾ ಇದ್ದೆ, ಬಾ" ಎಂದರು. ಅಷ್ಟೇ. ಎಚ್ಚರವಾದಾಗ ಕಣ್ಣೀರಿಗೆ ಹಾಸಿಗೆಯ ಬಟ್ಟೆ ಒದ್ದೆಯಾಗಿತ್ತು. ಅಜ್ಜಿ ಇನ್ನೂ ಬಾಚುತ್ತಲೇ ಇದ್ದಳು.

ದೊಡ್ಡ ಬೆಳಕು ಕಂಡೆ ಎಂದು ಜಂಬ ಕೊಚ್ಚುತ್ತಿಲ್ಲ. ಇವತ್ತು ಬೆಳಿಗ್ಗೆಯೂ ಒಳ್ಳೆಯ ಸ್ಟೀಲ್ ಡಬ್ಬಿಗಳನ್ನು ನೆನೆದು ಹೊಟ್ಟೆ ಉರಿದುಕೊಂಡೆ. ಆದರೆ ಕೊಡುವವಳು ಎಂಬ ಹೆಸರೂ ಒಂದು ಒಡವೆಯೇ ಆಗಿತ್ತೆಂದು ಈಗ ತಿಳಿಯುತ್ತಿದೆ. ಮೈತುಂಬ ಅದನ್ನೇ ಹೇರಿಕೊಂಡು ಕೃಪೆ ಎಂಬ ಮಾತನ್ನು ಎಷ್ಟು ಭಾನುವಾರ ಕೇಳಿದೆನೋ, ಒಂದೂ ಒಳಗೆ ಇಳಿದಿರಲಿಲ್ಲ.

ಲಾರಿ ತುಂಬ ಸಾಮಾನು ಕಳಿಸುತ್ತೇನೆಂದು ಬರೆದಿದ್ದೀಯ. ಬೇಡಮ್ಮ, ನೀನು ಬಾ. ಕೂರಲು ಮಡಿಸುವ ಕುರ್ಚಿಗಳಿಗೇನೂ ಬರವಿಲ್ಲ. ನಿನ್ನ ಯಜಮಾನರ ಕೆಮ್ಮು ವಾಸಿಯಾಗಲಿ. ಮಕ್ಕಳಿಗೆ ನನ್ನ ಮುತ್ತು. ದೇವರು ನಿಮ್ಮೆಲ್ಲರನ್ನೂ ತನ್ನ ರೆಕ್ಕೆಯ ನೆರಳಿನಲ್ಲಿ ಇಟ್ಟುಕೊಳ್ಳಲಿ.

ನಿನ್ನ
ಅಕ್ಕ

ತಾ. ಕ.: ಲಕೋಟೆ ಅಂಟಿಸಲು ಹೋಗಿ ಮತ್ತೆ ಕಾಗದ ಹೊರಗೆ ತೆಗೆದೆ. ಬೀರು, ಮೇಜು ಎಂದು ಇಷ್ಟೆಲ್ಲ ಬರೆದು ಬರೆಯಬೇಕಾದದ್ದನ್ನೇ ಬಿಟ್ಟಿದ್ದೇನೆ. ಬೆಂಕಿಯಲ್ಲಿ ಒಂದು ತಗಡಿನ ಪೆಟ್ಟಿಗೆಯೂ ಹೋಯಿತು. ಅದರಲ್ಲಿ ನೀನು ಹೆಣೆದ ಬಿಳಿ ಟೋಪಿ ಇತ್ತು. ನನ್ನ ಕೂಸು ಹುಟ್ಟಿದ ದಿನ ತೊಟ್ಟಿದ್ದು. ಮಾರನೆಯ ದಿನ ಎಂಬುದು ಅವನಿಗಿರಲಿಲ್ಲ. ಅವನು ಬಂದು ಹೋದ ಎನ್ನುವುದಕ್ಕೆ ಭೂಮಿಯ ಮೇಲೆ ಇದ್ದ ಗುರುತು ಅದೊಂದೇ. ಅವನು ಹೋದಂದಿನಿಂದ ನನ್ನ ಖಾಲಿ ಕೈ ನನಗೇ ನೋಡಲಾಗುತ್ತಿರಲಿಲ್ಲ. ಆವತ್ತು ಎಚ್ಚರವಾದ ಮೇಲೆ ಅಜ್ಜಿಯ ಹತ್ತಿರ ಇದನ್ನು ಹೇಳಿ ಅತ್ತೆ. ಅವಳು ಒಂದೇ ಮಾತು ಕೇಳಿದಳು: "ಏನಂತ ಹೆಸರಿಟ್ಟಿದ್ದೆ?" ಯಾರಿಗೂ ಹೇಳದೆ ಮನಸ್ಸಿನಲ್ಲೇ ಒಂದು ಇಟ್ಟಿದ್ದೆ. ಆ ಕೂಸು ಏನು ಗಳಿಸಿದ್ದ, ಯಾರಿಗೆ ಏನು ತಂದಿದ್ದ, ಗುಬ್ಬಿ? ಆದರೂ ಅವನಿಗಿಂತ ಹೆಚ್ಚಿನದು ನನಗೆ ಯಾವುದಿತ್ತು? ದೇವರೂ ನನ್ನನ್ನು ಹಾಗೆಯೇ ಎತ್ತಿಕೊಂಡು ನೋಡುತ್ತಿರಬಹುದೆಂದು ಅಲ್ಲಿಂದ ಬರುವ ದಾರಿಯುದ್ದಕ್ಕೂ ಅನಿಸುತ್ತಿತ್ತು.

ನಿನ್ನೆ ಸಂಜೆ ಆ ಹೆಸರನ್ನು ನಿನ್ನ ಭಾವನಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಆಮೇಲೆ, "ನಾನೂ ಒಂದು ಇಟ್ಟಿದ್ದೆ ಕಣೇ" ಎಂದರು. ಎರಡನ್ನೂ ಸೇರಿಸಿ, ಮೊದಲ ಸಲ, ಅವನನ್ನು ಗಟ್ಟಿಯಾಗಿ ಕರೆದೆವು.