ಅಲ್ಮಿರಿಕಿ ಮರದ ಮೊಳೆಗಳು

ಮಾನ್ಯ ಕಡಲತೀರ ಸುಧಾರಣಾಧಿಕಾರಿಗಳೇ,

ನಮ್ಮ ಪುಟ್ಟ ಕೊಲ್ಲಿಯ ದಂಡೆಯಲ್ಲಿ ಉಪ್ಪುಗಾಳಿಗೆ ಬಾಗಿ ನಿಂತ ಅಲ್ಮಿರಿಕಿ ಮರದಿಂದ ಮೊಳೆಗಳನ್ನೆಲ್ಲ ಕೀಳಿಸಿದವರು ತಾವು. ಅವನ್ನು ಮತ್ತೆ ಹೊಡೆಯಲು ನಮಗೆ ಅನುಮತಿ ಬೇಕು. ವಿಷಯ ಇಷ್ಟೇ. ಇಷ್ಟಕ್ಕೆ ಇಷ್ಟುದ್ದ ಬರೆಯಬೇಕಿತ್ತೇ ಎಂದು ತಮಗನ್ನಿಸಬಹುದು. ನಾನು ಕಾಲೇಜಿನ ಮೊದಲ ವರ್ಷದವಳು, ಸಣ್ಣದಕ್ಕೂ ದೊಡ್ಡದಾಗಿ ಹೆದರುವುದು ನನಗೆ ಅಭ್ಯಾಸ. ನನ್ನ ಗ್ರೀಕ್‌ನಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದಿ. ಅದನ್ನು ಶಾಲೆಯಲ್ಲಿ ಕಲಿತವಳಲ್ಲ, ಬೇಸಿಗೆ ರಜೆಗಳಲ್ಲಿ ಕುತ್ತಿಗೆಮಟ್ಟದ ನೀರಿನಲ್ಲಿ ನಿಂತು ಕಲಿತವಳು.

ಇದನ್ನು ತಮ್ಮ ಕಚೇರಿಗೇ ತಲುಪಿಸಬೇಕೆಂದಿದ್ದೆ. ಅಜ್ಜಿ ಒಪ್ಪಲಿಲ್ಲ. "ಕಚೇರಿಲಿ ಯಾರು ಓದ್ತಾರೆ ಮಗಾ? ಸತ್ತವರ ನೋಟೀಸು ಅಂಟಿಸೋ ಕರೆಂಟು ಕಂಬಕ್ಕೆ ಅಂಟಿಸು. ಈ ಊರಲ್ಲಿ ಜನ ನಿಂತು ಓದೋದು ಅದೊಂದನ್ನೇ" ಎಂದಳು. ಹಾಗಾಗಿ ತಾವಿದನ್ನು ಬ್ರೆಡ್ ಅಂಗಡಿಯ ಮುಂದೆ, ಬಿಸಿಲಿನಲ್ಲಿ ನಿಂತು ಓದುತ್ತಿದ್ದೀರಿ. ಕ್ಷಮಿಸಿ.

ಆ ಮರದಲ್ಲಿ ಮನೆಗೊಂದು ಮೊಳೆ ಇತ್ತು. ಹೆಂಗಸರು ಬೆಳಿಗ್ಗೆ ಬಂದು ಚೀಲವನ್ನೂ ಮೇಲುಡುಪನ್ನೂ ತಂತಮ್ಮ ಮೊಳೆಗೆ ತೂಗುಹಾಕಿ, ಹುಲ್ಲಿನ ಟೋಪಿ ಮಾತ್ರ ತಲೆಯ ಮೇಲಿಟ್ಟುಕೊಂಡು ನೀರಿಗಿಳಿದು, ದುಂಡಗೆ ನಿಂತು, ಬೆರಳು ಸುಕ್ಕುಗಟ್ಟುವವರೆಗೆ ಊರಿನ ನ್ಯಾಯ ತೀರ್ಮಾನ ಮಾಡುತ್ತಿದ್ದರು. ಮಕ್ಕಳು ಅವರ ಸುತ್ತಲೇ ಈಜುತ್ತಿದ್ದವು. ಆಳದ ಕಡೆ ಹೋದ ಮಗುವನ್ನು ಯಾರದಾದರೊಂದು ಕೈ ಅದರ ಕಾಲು ಹಿಡಿದು ಎಳೆದುಕೊಳ್ಳುತ್ತಿತ್ತು, ಮಗು ಯಾರದೆಂದು ನೋಡದೆ. ಸತ್ತವರ ಮೊಳೆಯನ್ನು ಯಾರೂ ಕೀಳುತ್ತಿರಲಿಲ್ಲ, ಅದಕ್ಕೆ ಬೇರೆಯವರು ಚೀಲ ಹಾಕುತ್ತಲೂ ಇರಲಿಲ್ಲ. ತಮ್ಮ ಹೊಸ ಫಲಕದ ಪ್ರಕಾರ ಇದು ಈ ಬೇಸಿಗೆಯಿಂದ 'ಕುಟುಂಬಸ್ನೇಹಿ ತೀರ'. ಅದಕ್ಕೂ ಮುಂಚೆ ನಾವೆಲ್ಲ ಏನಾಗಿದ್ದೆವು ಸ್ವಾಮಿ?

ಮೊಳೆಯಿಂದ ಮರಕ್ಕೆ ನೋವಾಗುತ್ತದೆ ಎಂಬುದು ತಮ್ಮ ಪ್ರಕಟಣೆ. ಇರಬಹುದು. ಹಾಗಾದರೆ ಅದೇ ಬೊಡ್ಡೆಯ ಮೇಲಿನ ಬಣ್ಣದ ದೀಪದ ಸರವನ್ನು ಯಾವುದರಿಂದ ಅಂಟಿಸಿದ್ದೀರಿ, ಜೇನುತುಪ್ಪದಿಂದಲೇ?

ನನ್ನ ಅಪ್ಪ ಈ ಊರಿನವನು, ಅಮ್ಮ ಇಂಗ್ಲೆಂಡಿನವಳು. ಅಪ್ಪ ತೀರಿಕೊಂಡ ಮೇಲೆ ನಾನು ಬೆಳೆದದ್ದು ಅಲ್ಲಿಯ ಹಾಸ್ಟೆಲಿನಲ್ಲಿ. ಅಲ್ಲಿ ನಾನು ಈವಿ, 'ಆ ಗ್ರೀಕ್ ಹುಡುಗಿ'. ಕೋಟು ತೂಗುಹಾಕುವ ಕೊಕ್ಕೆಗೂ ಅಲ್ಲಿ ನಂಬರ್ ಇತ್ತು, ವರ್ಷ ವರ್ಷ ಅದು ಬದಲಾಗುತ್ತಿತ್ತು. ಮೊದಲ ರಜೆಗೆ ಇಲ್ಲಿಗೆ ಬಂದಾಗ ಅಜ್ಜಿ ದಾರಿಯಲ್ಲಿ ಯಾರೊಂದಿಗೋ ಮಾತಿಗೆ ನಿಂತಳು. ನಾನು ಮುಂದೆ ಓಡಿ, ಅವಳು ಹೇಳಿದ್ದ ಮೊಳೆಗೆ ಚೀಲ ಸಿಕ್ಕಿಸಿ ನೀರಿಗಿಳಿದೆ. ಟೋಪಿಗಳ ನಡುವಿನಿಂದ ಅಜ್ಜಿಯ ಗೆಳತಿ ಸ್ತಮಾತಿಯಾ ಕೂಗಿ ಕೇಳಿದರು: "ಯಾರ ಮನೆಯವಳೇ ನೀನು?" ನಾನು ಮರದತ್ತ ಬೆರಳು ತೋರಿಸಿದೆ.

"ಓ, ದಪ್ಪ ಮೊಳೆಯವರ ಕೂಸು! ಹಾಗಾದ್ರೆ ನೀನೂ ಎವಾಂಥಿಯಾನೇ. ಅಜ್ಜಿ ಹೆಸರು ಬಂದಿದ್ದು ಸರಿ, ಮೂಗೂ ಬಂದಿದೆಯಲ್ಲೇ, ಪಾಪ!"

ಎಲ್ಲರೂ ನಕ್ಕರು. ನಗುತ್ತಲೇ ಒಂದು ಹೆಜ್ಜೆ ಹಿಂದೆ ಸರಿದು ನನಗೆ ಜಾಗ ಬಿಟ್ಟರು.

ಈ ಜೂನ್‌ನಲ್ಲಿ ಪರೀಕ್ಷೆ ಮುಗಿಸಿ ಬಂದವಳು ದಂಡೆಗಿಳಿದರೆ ಹೋಟೆಲಿನವರ ಸಾಲು ಸಾಲು ಒರಗುಕುರ್ಚಿ, ಸಾಲು ಸಾಲು ಕೊಡೆ. ಉಸ್ತುವಾರಿಯ ಯುವಕ ನಗುನಗುತ್ತ ಇಂಗ್ಲಿಷಿನಲ್ಲಿ ಕೇಳಿದ: "ನಿಮ್ಮ ರೂಮ್ ನಂಬರ್?"

"ನಾನು ಇಲ್ಲಿಯವಳೇ" ಎಂದೆ, ಗ್ರೀಕ್‌ನಲ್ಲಿ.

"ವಾಹ್, ನಮ್ಮ ಭಾಷೆ ಎಷ್ಟು ಚೆನ್ನಾಗಿ ಕಲ್ತಿದ್ದೀರಿ!" ಎಂದ, ಮತ್ತೆ ಇಂಗ್ಲಿಷಿನಲ್ಲೇ.

ಅವನ ಮೇಲೆ ನನ್ನ ದೂರಿಲ್ಲ. ಅಭ್ಯಾಸದಂತೆ ಮರದತ್ತ ಬೆರಳೆತ್ತಿದೆ. ತೋರಿಸಲು ಅಲ್ಲೇನೂ ಇರಲಿಲ್ಲ.

ಅಜ್ಜಿ ಮೇ ತಿಂಗಳಲ್ಲೇ ದಂಡೆಗೆ ಹೋಗಿದ್ದಳಂತೆ. ನನಗೆ ಹೇಳಿದ್ದು ಸ್ತಮಾತಿಯಾ. "ಮೊಳೆ ಇದ್ದ ಜಾಗಾನ ಕೈಯಲ್ಲಿ ತಡವಿ ತಡವಿ ನೋಡಿದ್ಲು ಕಣೇ. ನಿನ್ನ ತಾತ ದೋಣಿಯಿಂದ ಕಿತ್ತು ತಂದು ಹೊಡೆದಿದ್ದಲ್ವಾ ಅದು. ಚೀಲ ಎದೆಗೆ ಅವುಚಿಕೊಂಡ್ಲು. ಆಮೇಲೆ ಮನೆ ಕಡೆ ನಡೆದುಬಿಟ್ಲು." ಅಂದಿನಿಂದ ಅವಳು ನೀರಿಗಿಳಿದಿಲ್ಲ. ಕಡಲಿಗೆ ಬೆನ್ನು ಹಾಕಿ ಬಾಲ್ಕನಿಯಲ್ಲಿ ಕುಳಿತು ಬೀನ್ಸ್ ಬಿಡಿಸುತ್ತಾಳೆ. ಉಳಿದವರೂ ಅಷ್ಟೇ, ಒಂದೊಂದು ಬಾಲ್ಕನಿಯಲ್ಲಿ ಒಬ್ಬೊಬ್ಬರು.

"ಚೀಲ ನಾನು ಹಿಡ್ಕೋತೀನಿ, ಬಾ ಅಜ್ಜಿ" ಎಂದು ಕರೆದೆ.

"ನೀನು ಸೆಪ್ಟೆಂಬರಲ್ಲಿ ಹೊರಟುಹೋಗ್ತೀಯ. ಮೊಳೆ ಎಲ್ಲಿಗೂ ಹೋಗ್ತಿರಲಿಲ್ಲ" ಎಂದಳು.

ಈಗ ನಾನೊಬ್ಬಳೇ ಹೋಗುತ್ತೇನೆ. ಅವರು ನಿಲ್ಲುತ್ತಿದ್ದ ಕಡೆಯೇ, ಅಜ್ಜಿಯ ಟೋಪಿ ಹಾಕಿಕೊಂಡು ನಿಲ್ಲುತ್ತೇನೆ. ಒಬ್ಬರೇ ದುಂಡಗೆ ನಿಲ್ಲುವುದು ಹೇಗೆಂದು ತಮ್ಮ ಅಭಿವೃದ್ಧಿ ಯೋಜನೆಯಲ್ಲಿ ವಿವರಿಸಿದ್ದರೆ ದಯವಿಟ್ಟು ತಿಳಿಸಿ.

ಕುರ್ಚಿಗಳನ್ನೆಲ್ಲ ಎತ್ತಿಸಿ ಎಂದು ನಾನು ಕೇಳುತ್ತಿಲ್ಲ. ಆ ಮರದ ನೆರಳಿನಷ್ಟು ಜಾಗ ಬಿಡಿ, ಸಾಕು. ಮರಕ್ಕೆ ನಿಜವಾಗಿಯೂ ನೋವಾಗುವುದಾದರೆ ಬೊಡ್ಡೆಗೊಂದು ಹಲಗೆ ಕಟ್ಟುತ್ತೇವೆ, ಮೊಳೆಗಳನ್ನು ಅದಕ್ಕೆ ಹೊಡೆಯುತ್ತೇವೆ. ಸುತ್ತಿಗೆ ಸ್ತಮಾತಿಯಾ ಅವರ ಮನೆಯಲ್ಲಿದೆ. ಆದರೆ ನಾನು ಹೊರಡುವ ಮೊದಲೇ ಇದು ಆಗಬೇಕು. ಅಜ್ಜಿ ಮತ್ತೆ ನೀರಿಗಿಳಿದದ್ದನ್ನು ಕಣ್ಣಾರೆ ನೋಡದೆ ನಾನು ಹೇಗೆ ಬಸ್ಸು ಹತ್ತಲಿ?

ಇನ್ನೊಂದು ಮಾತಿದೆ. ಬರೆಯಬೇಡ ಎಂದಳು ಅಜ್ಜಿ, ಬರೆಯಲೇಬೇಕು ಎಂದರು ಸ್ತಮಾತಿಯಾ. ಮರದ ಹಿಂಬದಿಯಲ್ಲಿ ತಲೆ ಬಾಗಿದ ತುಕ್ಕು ಮೊಳೆಯೊಂದಿತ್ತು. ಅದಕ್ಕೆ ಯಾರೂ ಚೀಲ ಹಾಕುತ್ತಿರಲಿಲ್ಲ. ಅದು, ಅಧಿಕಾರಿಗಳೇ, ತಮ್ಮ ಅಜ್ಜಿಯದಂತೆ. "ಅವಳ ಮೊಮ್ಮಗ ಅದರ ಕೆಳಗೇ ಅಳ್ತಾ ಕೂತಿರ್ತಿದ್ದ. ನೀರಂದ್ರೆ ಪ್ರಾಣ ಹೋಗೋಷ್ಟು ಭಯ. ಕೈ ಹಿಡಿದು ಇಳಿಸಿದ್ದು ನಾವೇ" ಎಂದರು.

ಹಲಗೆಯಲ್ಲಿ ಆ ಮೊಳೆಗೂ ಜಾಗ ಬಿಟ್ಟಿರುತ್ತೇವೆ. ತಾವು ಬಂದರೆ ರೂಮ್ ನಂಬರ್ ಯಾರೂ ಕೇಳುವುದಿಲ್ಲ.

ಇಂತಿ,
ಸೆಪ್ಟೆಂಬರಿನವರೆಗೆ ಈ ಊರಿನವಳಾದ,
ಎವಾಂಥಿಯಾಳ ಮೊಮ್ಮಗಳು ಎವಾಂಥಿಯಾ