ನಮ್ಮೂರಿನ ದ್ರೌಪದಿ

೨೨ ಏಪ್ರಿಲ್ ೧೯೮೪, ಭಾನುವಾರ. ರಾಜಗೋಪಾಲನಗರ.

ಇಂದು ರಾಮಮಂದಿರದ ಮುಂದೆ ಸೇರಿದ್ದ ಊರ ಸಭೆಗೆ ವಂದಿಸಿ, ಹಿರಿಯರಿಗೆ ಕೃತಜ್ಞತೆ ಹೇಳಿ ಮಾತು ಆರಂಭಿಸಿದೆ. ಮುಗಿಸಲು ಬಿಡಲಿಲ್ಲ. ಅದೇ ಇನ್ನೂ ಕೊರೆಯುತ್ತಿದೆ.

ಕೆಲವು ವಾರಗಳಿಂದ ಕಾರ್ಖಾನೆಯ ನನ್ನ ತರಬೇತಿ ಮಕ್ಕಳನ್ನು ರಾಮನವಮಿಯ ಸಂಗೀತ ಕಚೇರಿಗಳಿಗೆ, ಪೇಟೆಯ ನಾಟಕಗಳಿಗೆ ಕರೆದೊಯ್ಯುತ್ತಿದ್ದೇನೆ. ನೋಡಿದ್ದು ಸಾಕು, ನಾವೇ ಆಡೋಣವೆಂದು ಅವರು ಹಟ ಹಿಡಿದರು. ಮೋಟಾರಿಗೆ ತಂತಿ ಸುತ್ತುವ ವರಲಕ್ಷ್ಮಿ ದ್ರೌಪದಿಯ ಪಾತ್ರ ಕೇಳಿದಳು.

ಸಭೆಯಲ್ಲಿ ನಾನು ಇಷ್ಟು ಹೇಳುವಷ್ಟರಲ್ಲಿ ಊರ ಯಜಮಾನರಾದ ಹನುಮಂತಯ್ಯನವರು ಎದ್ದುನಿಂತರು. "ಏನ್ ಮೇಷ್ಟ್ರೇ, ಎಣ್ಣಿನ ಪಾರ್ಟ್‌ಗೆ ಒರ್ಗಿನೋರ್ನ ಕರ್ಸೋದು ಯಾವತ್ತಿಂದ್ಲೂ ನಡ್ಕೊಂಡ್ ಬಂದೈತೆ. ಊರ ಎಣ್ಮಗ್ಳು ಬಣ್ಣ ಅಚ್ಕೊಂಡ್ ನಿಂತ್ರೆ ನಾಳೆ ಯಾವನ್ ಕಟ್ಕೊಂತಾನೆ?"

ವರಲಕ್ಷ್ಮಿಯ ತಾಯಿ ಪಿಳ್ಳಮ್ಮ ಹಿಂದಿನಿಂದಲೇ ಕೇಳಿದರು: "ಆ ಒರ್ಗಿನೋಳೂ ಒಂದೂರಿನ ಎಣ್ಮಗ್ಳೇ ಅಲ್ವೇನಣ್ಣ? ಅವ್ಳ ಪಾರ್ಟ್ ನೋಡಕ್ಕೆ ನೀನೇ ಮುಂದ್ಗಡೆ ಚಾಪೆ ಆಸ್ಕೊಂಡ್ ಕುಂತಿರ್ತೀಯ."

ಹೆಂಗಸರು ನಕ್ಕರು. ಯಜಮಾನರು ರಾಮಮಂದಿರಕ್ಕೆ ಬೀಗ ಹಾಕಿಸಿ ಹೊರಟುಹೋದರು. ತಾಲೀಮಿಗೆ ಇನ್ನು ಅಲ್ಲಿ ಜಾಗವಿಲ್ಲ.

"ನಾನ್ ಬಿಟ್ಬಿಡ್ಲಾ ಸಾರ್?" ಎಂದು ವರಲಕ್ಷ್ಮಿ ಕೇಳಿದಳು. ಕೂಡದು ಎಂದೆ. ಬೇರೆ ಊರಿನ ಹೆಣ್ಣಿಗೆ ಚಪ್ಪಾಳೆ ತಟ್ಟುವವರು ನಮ್ಮ ಹೆಣ್ಣನ್ನು ತಡೆಯುವುದು ಯಾವ ಮರ್ಯಾದೆ? ನಾನಿದನ್ನು ಒಪ್ಪಲಾರೆ. ಈ ಮಕ್ಕಳಿಗೆ ಕೇವಲ ನೋಡುವುದನ್ನು ಕಲಿಸಿ ಕೈಬಿಡುವ ಹಕ್ಕೂ ನನಗಿಲ್ಲ.

ಪಿಳ್ಳಮ್ಮನವರ ಮನೆಯ ಮುಂದೆ ಅಂಗಳವಿದೆ, ಬೀದಿದೀಪವಿದೆ. ಇಡೀ ಬೀದಿ ನೋಡಲಿ. ನಾಳೆ ಪಾಳಿ ಮುಗಿದೊಡನೆ ಹಾರ್ಮೋನಿಯಂ ಹೊತ್ತು ನಾನೇ ಹೋಗುತ್ತೇನೆ. ಬನ್ನಿ ಮಕ್ಕಳೇ, ದ್ರೌಪದಿಯ ಪ್ರವೇಶದಿಂದಲೇ ಆರಂಭಿಸೋಣ.