ಕೆಂಡಯ್ಯನ ಐದು ಸಿನಿಮಾ, ನಿಮ್ಮಪ್ಪನ ಕ್ರಮದಲ್ಲಿ

ನಂಜನಗೂಡು
4-10-2007, ಗುರುವಾರ

ಪ್ರೀತಿಯ ಯಶು,

ನಾನು ಚೆನ್ನಾಗಿದ್ದೇನೆ ಅಂತ ಬರೆದರೆ ನೀನು ನಂಬುವುದಿಲ್ಲ, ಆದರೂ ಬರೆಯುತ್ತಿದ್ದೇನೆ. ನಿನ್ನ ಕಾಗದ ಬಂದು ಹದಿನೇಳು ದಿನವಾಯಿತು. ನೀನು ಎರಡು ಸಲ ಫೋನು ಮಾಡಿ ಕೇಳಿದಾಗಲೂ ‘ಬರೀತೀನಿ’ ಅಂದು ಇಟ್ಟುಬಿಟ್ಟೆ. ಬೇಸರ ಮಾಡಿಕೊಳ್ಳಬೇಡ ಮಗಳೇ. ಅಂಗನವಾಡಿಯಲ್ಲಿ ಮಕ್ಕಳ ತೂಕ ನೋಡುವ ವಾರ, ಸಂಜೆ ದೇವನೂರಿನಿಂದ ಬರುವ ಬಸ್ಸು ಸರಿಯಾಗಿ ಸಿಗುತ್ತಿಲ್ಲ ಎಂದು ನೆಪ ಹೇಳಬಹುದು. ಆದರೆ ನೀನು ಕೇಳಿದ್ದಕ್ಕೆ ಫೋನಿನಲ್ಲಿ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಕೆಮ್ಮು ಹೋಯಿತಾ? ನರ್ಸಿಂಗ್ ಹಾಸ್ಟೆಲಿನಲ್ಲಿ ಬಿಸಿನೀರು ಕೇಳಿ ಇಸಿದುಕೊಂಡು ಕುಡಿ, ನಾಚಿಕೊಳ್ಳಬೇಡ.

ದಸರಾ ರಜೆಗೆ ನೀನೂ ನಿನ್ನ ರೂಮಿನ ಗಾನವಿಯೂ ಬಂದು ಒಂದೇ ದಿನದಲ್ಲಿ ಆ ಐದೂ ಇಂಗ್ಲಿಷ್ ಸಿನಿಮಾಗಳನ್ನು ಒಂದರ ಹಿಂದೆ ಒಂದು ನೋಡಬೇಕು ಅಂದಿದ್ದೀಯ. ನೋಡಿ. ಸಿ.ಡಿ.ಗಳು ಸಿಕ್ಕಿವೆಯಲ್ಲ, ಗಾನವಿಯ ಅಣ್ಣ ಪ್ಲೇಯರ್ ಕೊಡುತ್ತಾನಲ್ಲ, ಇನ್ನೇನು. ಅವಳು ಕಂಪ್ಯೂಟರಿನಲ್ಲಿ ಹುಡುಕಿ ಯಾವುದು ಮೊದಲು, ಯಾವುದು ಆಮೇಲೆ ಎಂದು ಬರೆದುಕೊಟ್ಟ ಚೀಟಿಯನ್ನು ಗೋಡೆಯ ಕ್ಯಾಲೆಂಡರಿಗೆ ಸಿಕ್ಕಿಸಿದ್ದೇನೆ. ಅಪ್ಪ ಹೇಳಿದ ಕನ್ನಡ ಕಥೆಯ ಕ್ಯಾಸೆಟ್ಟು ಎಲ್ಲಾದರೂ ಉಳಿದಿದ್ದರೆ ಹುಡುಕಮ್ಮ, ಸಿನಿಮಾದ ಜೊತೆಗೆ ಹಾಕೋಣ ಅಂತಲೂ ಬರೆದಿದ್ದೆಯಲ್ಲ. ‘ಅಪ್ಪನ ಮುಖ ಫೋಟೋದಿಂದ ಗೊತ್ತು, ದನಿ ಗೊತ್ತಿಲ್ಲ’ ಅಂತ. ಆ ಸಾಲು ಓದಿ ಕಾಗದ ಮಡಿಸಿಟ್ಟವಳು ನಾಲ್ಕು ದಿನ ಮತ್ತೆ ತೆಗೆಯಲಿಲ್ಲ.

ಗಾನವಿಗೆ ನಮ್ಮ ಮನೆಯ ಸಂಗತಿ ಗೊತ್ತಿರುವುದಿಲ್ಲ. ಮುಂದಿನದನ್ನು ಅವಳಿಗೂ ಓದಿ ಹೇಳು.

ಆ ಕಾಲದಲ್ಲಿ ಪುಟ್ಟಬಸವಯ್ಯನವರಿಗೆ ಎರಡು ವಿಡಿಯೋ ಪಾರ್ಲರುಗಳಿದ್ದವು. ಒಂದು ನಮ್ಮ ನಂಜನಗೂಡಿನಲ್ಲಿ, ಇನ್ನೊಂದು ತಿರುಮಕೂಡಲು ನರಸೀಪುರದಲ್ಲಿ. ಪಾರ್ಲರು ಅಂದರೆ ಕತ್ತಲೆ ಮಾಡಿದ ಒಂದು ಕೋಣೆ, ಚಾಪೆ, ಒಂದು ಟಿ.ವಿ., ಒಂದು ವಿ.ಸಿ.ಆರ್. ಹೊಡೆದಾಟದ ಇಂಗ್ಲಿಷ್ ಸಿನಿಮಾ ಹಾಕಿದರೆ ಜನ ತುಂಬುತ್ತಿದ್ದರು, ಆದರೆ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ನಿಮ್ಮಪ್ಪ ಶಿವಮೂರ್ತಿ ಆಗ ತಾಂಡ್ಯದ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸದಲ್ಲಿದ್ದರು. ಪಾಳಿ ಮುಗಿಸಿ ಬಂದು ಟಿ.ವಿ.ಯ ಪಕ್ಕದಲ್ಲಿ ನಿಂತು ಸಿನಿಮಾ ಓಡುತ್ತಿದ್ದ ಹಾಗೇ ಕನ್ನಡದಲ್ಲಿ ಕಥೆ ಹೇಳುತ್ತಿದ್ದರು. ಅವರಿಗೇನು ಇಂಗ್ಲಿಷ್ ಬರುತ್ತಿತ್ತಾ? ಒಂದು ಸಲ ಸುಮ್ಮನೆ ನೋಡುತ್ತಿದ್ದರು, ಮುಖಗಳನ್ನು ನೋಡಿಯೇ ಕಥೆ ಕಟ್ಟಿಬಿಡುತ್ತಿದ್ದರು. ನಿಮ್ಮ ಸಿನಿಮಾದ ಶೂರನ ಎರಡೂ ಅಂಗೈ ಕೆಂಡದ ಹಾಗೆ ಹೊಳೆಯುತ್ತವಲ್ಲ, ಅವನಿಗೆ ‘ಕೆಂಡಯ್ಯ’ ಅಂತ ಹೆಸರಿಟ್ಟರು. ಕಪ್ಪು ಕೋಟಿನ ದುಷ್ಟನನ್ನು ‘ಅಮಲ್ದಾರ’ ಅನ್ನುತ್ತಿದ್ದರು. ನರಸೀಪುರದವರು ತಮಗೂ ಶಿವಮೂರ್ತಿಯ ಕಥೆಯೇ ಬೇಕು ಅಂತ ಹಟ ಹಿಡಿದರು. ಒಬ್ಬ ಮನುಷ್ಯ ಎರಡು ಊರಲ್ಲಿ ನಿಲ್ಲುವುದು ಹೇಗೆ? ಅದಕ್ಕೆ ಪುಟ್ಟಬಸವಯ್ಯನವರು ವಾರದ ರಜೆಯ ದಿನ ಟಿ.ವಿ., ವಿ.ಸಿ.ಆರ್. ಎರಡನ್ನೂ ಆಟೋದಲ್ಲಿ ನಮ್ಮ ಮನೆಗೆ ಕಳಿಸುತ್ತಿದ್ದರು. ನಿಮ್ಮಪ್ಪ ಬಾಗಿಲು ಹಾಕಿಕೊಂಡು ಟೇಪಿಗೆ ಕಥೆ ತುಂಬುತ್ತಿದ್ದರು. ಒಂದೊಂದು ಸಿನಿಮಾಕ್ಕೆ ಎರಡೆರಡು ಕ್ಯಾಸೆಟ್ಟು.

ಈಗ ಕ್ರಮದ ಮಾತು. ಗಾನವಿಯ ಚೀಟಿ ಸರಿಯೇ ಇರಬಹುದು, ಆದರೆ ನಮ್ಮಲ್ಲಿಗೆ ಸಿನಿಮಾ ಬಂದದ್ದು ಆ ಸಾಲಿನಲ್ಲಿ ಅಲ್ಲ. ಮೈಸೂರಿನ ಅಂಗಡಿಯವರು ಯಾವುದು ಕೈಗೆ ಸಿಕ್ಕರೆ ಅದನ್ನು ಕೊಟ್ಟು ಕಳಿಸುತ್ತಿದ್ದರು. ಮೊದಲು ಬಂದದ್ದು ಅವಳ ಪಟ್ಟಿಯ ಮೂರನೆಯದು. ಆಮೇಲೆ ಐದನೆಯದು. ಅದರ ಕೊನೆಯಲ್ಲಿ ಕೆಂಡಯ್ಯ ಮುರಿದ ಸೇತುವೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಮಕ್ಕಳೆಲ್ಲ ದಾಟಿದ ಮೇಲೆ ಅದರಡಿಯಲ್ಲೇ ಸಾಯುತ್ತಾನೆ. ಪಾರ್ಲರಿನಲ್ಲಿ ಮಕ್ಕಳು ಅತ್ತವು. ಮುಂದಿನ ವಾರ ಬಂದದ್ದು ಒಂದನೆಯದು! ಅದರಲ್ಲಿ ಕೆಂಡಯ್ಯ ಬದುಕಿದ್ದಾನೆ, ಇನ್ನೂ ಎಳೆಯ ಹುಡುಗ. ಸತ್ತವನು ಎದ್ದು ಬಂದದ್ದು ಹೇಗೆ ಅಂತ ಎಲ್ಲರೂ ಕೇಳಿದರು. ನಿಮ್ಮಪ್ಪನಿಗೂ ಗೊತ್ತಿರಲಿಲ್ಲ. ಅವರು ಹೇಳಿದ್ದು ಇಷ್ಟು:

“ಸತ್ತವ್ನೆ ಕಣ್ರಪ್ಪಾ. ಅವನ್ಗೆ ಗೊತ್ತಿಲ್ಲ ಅಷ್ಟೆ. ಊರೋರ್ಗೆಲ್ಲ ಗೊತ್ತು, ಯೋಳಕ್ಕೆ ಯಾರ್ಗೂ ಮನಸ್ ಬತ್ತಿಲ್ಲ.”

ಅಲ್ಲಿಂದಾಚೆಗೆ ಉಳಿದ ಮೂರು ಸಿನಿಮಾಗಳೂ ಸತ್ತವನ ಕಥೆಯಾದವು ಯಶು. ಯಾರಾದರೂ ಅವನ ಕಡೆ ಮುಖ ತಿರುಗಿಸಿದರೆ, ‘ನೋಡಿ, ಇವನಿಗೆ ಗೊತ್ತು’ ಅನ್ನುವರು. ಅವನು ಪ್ರೀತಿಸುವ ಹುಡುಗಿ ಊಟದ ಮೇಜಿನಲ್ಲಿ ಸುಮ್ಮನೆ ನಕ್ಕರೆ, ‘ಅಳು ತಡೀತಾವಳೆ’ ಅನ್ನುವರು. ನೀವು ಸಿ.ಡಿ.ಯಲ್ಲಿ ನೋಡಿದರೆ ಅದು ತಮಾಷೆಯ ಜಾಗವೇ ಇರಬಹುದು. ಇಲ್ಲಿ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅದಕ್ಕೇ ಹೇಳಿದ್ದು, ಬರೀ ಸಿ.ಡಿ. ನೋಡುವುದಾದರೆ ಗಾನವಿಯ ಚೀಟಿಯಂತೆ ನೋಡಿ. ಅಪ್ಪನ ಕ್ಯಾಸೆಟ್ಟು ಹಾಕುವುದಾದರೆ ಅಪ್ಪನ ಕ್ರಮವೇ ಆಗಬೇಕು: ಮೂರು, ಐದು, ಒಂದು, ಎರಡು, ನಾಲ್ಕು.

ಕ್ಯಾಸೆಟ್ಟು ಸಿಕ್ಕಿವೆ. ಹೋದ ಭಾನುವಾರದ ಹಿಂದಿನ ಭಾನುವಾರ ನರಸೀಪುರಕ್ಕೆ ಹೋಗಿದ್ದೆ. ಪಾರ್ಲರಿದ್ದ ಜಾಗದಲ್ಲಿ ಈಗ ಮೊಬೈಲು ಅಂಗಡಿ. ಪುಟ್ಟಬಸವಯ್ಯನವರು ಮನೆಯಲ್ಲೇ ಇದ್ದರು, ತುಂಬ ಇಳಿದುಹೋಗಿದ್ದಾರೆ, ಕಣ್ಣು ಮಂಜಂತೆ. ಮುಂಚೆ ನಾನು ಹೋದರೆ ಜಗಲಿಯಲ್ಲೇ ಮಾತು ಮುಗಿಯುತ್ತಿತ್ತು. ಈ ಸಲ ಅವರ ಹೆಂಡತಿ ಸಿದ್ದಲಿಂಗಮ್ಮನವರು ಒಳಗೆ ಕರೆದು ಕುರ್ಚಿ ಹಾಕಿ ಕಾಫಿ ಕೊಟ್ಟರು. ಅಟ್ಟದಿಂದ ಬಿಸ್ಕತ್ತಿನ ಒಂದು ಡಬ್ಬ ಇಳಿಸಿದರು. ಹತ್ತೂ ಕ್ಯಾಸೆಟ್ಟು ಇದ್ದವು, ಒಂದೊಂದರ ಮೇಲೂ ನಿಮ್ಮಪ್ಪನ ಅಕ್ಷರ. ನಿಮ್ಮಪ್ಪ 1996ರಲ್ಲಿ ಬೆಳಗಿನ ಪಾಳಿಗೆ ಸೈಕಲ್ಲಿನಲ್ಲಿ ಹೋಗುವಾಗ ತಾಂಡ್ಯದ ತಿರುವಿನಲ್ಲಿ ಲಾರಿಗೆ ಸಿಕ್ಕಿ ಹೋದರಲ್ಲ, ಅದರ ಆಚೆಯ ಒಂದು ಸಂಗತಿ ನನಗೆ ತಿಳಿದಿರಲಿಲ್ಲ. ಪುಟ್ಟಬಸವಯ್ಯನವರು ಡಬ್ಬದ ಮೇಲೆ ಕೈಯಾಡಿಸುತ್ತಾ ಹೇಳಿದರು.

“ಶಿವಮೂರ್ತಿ ತೀರ್ಕೊಂಡ್ಮೇಲೂ ಎಂಟು ತಿಂಗ್ಳು ಇಲ್ಲಿ ಅವನ ದನೀಲೇ ಶೋ ನಡಸ್ದೆ ಕಣಮ್ಮ. ಬರೋ ಮಕ್ಕಳ್ಗೆ ಅವನು ಓಗಿರದು ಗೊತ್ತಿರ್ಲಿಲ್ಲ. ನಾನೂ ಯೋಳ್ಲಿಲ್ಲ.”

ಡಬ್ಬ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದೆ. ಪಕ್ಕದ ಸೀಟು ಖಾಲಿ ಇತ್ತು. ಮುಂದಿನ ನಿಲ್ದಾಣದಲ್ಲಿ ಹತ್ತಿದ ಹೆಂಗಸು ಕೂರಲು ಬಂದರೆ, ಜನ ಬರುತ್ತಾರೆ ಅಂದುಬಿಟ್ಟೆ. ಯಾಕೆ ಹಾಗೆ ಅಂದೆನೋ, ಆಮೇಲೆ ಅವಳಿಗೆ ಜಾಗ ಬಿಟ್ಟುಕೊಟ್ಟೆ.

ಪಕ್ಕದ ಮನೆಯ ಮಂಚಮ್ಮನ ಹತ್ತಿರ ಇನ್ನೂ ಟೇಪ್ ರೆಕಾರ್ಡರ್ ಇದೆ. ಅವಳೇ ತಂದು, ಕೂಡಿಸಿ, ಮೊದಲ ಕ್ಯಾಸೆಟ್ಟು ಹಾಕಿದಳು. ಸ್ವಲ್ಪ ಹೊತ್ತು ಬರೀ ಮರಳು ಜರಡಿ ಹಿಡಿದ ಹಾಗೆ ಸದ್ದು. ಆಮೇಲೆ ಯಾರೋ ಗಂಟಲು ಸರಿಮಾಡಿಕೊಂಡರು. ಮಂಚಮ್ಮ ಎದ್ದೇಬಿಟ್ಟಳು. ತನ್ನ ಕೈಲಿ ಆಗುವುದಿಲ್ಲ ಅಂತ ಹೇಳಿ ಬಾಗಿಲು ಮುಂದೆ ಎಳೆದುಕೊಂಡು ಹೋದಳು. ನಾನು ಒಬ್ಬಳೇ ಮೂರು ಮಧ್ಯಾಹ್ನ ಕೇಳಿದೆ. ಅವರ ದನಿ ನಾನು ಅಂದುಕೊಂಡಿದ್ದಕ್ಕಿಂತ ಎಳೆಯದು. ಮೂವತ್ತು ತುಂಬಿರಲಿಲ್ಲವಲ್ಲ. ಈಗ ನನಗೆ ಮೂವತ್ತೆಂಟು. ಯಾವುದೋ ಹುಡುಗ ನನ್ನ ಗಂಡನ ಹೆಸರು ಹೇಳಿಕೊಂಡು ಮನೆಯೊಳಗೆ ಮಾತಾಡುತ್ತಿದ್ದಾನೆ ಅನ್ನಿಸಿತು.

ಆ ದನಿಯ ಹಿಂದೆ ನಮ್ಮ ಮನೆಯೂ ಇದೆ. ಬಿಂದಿಗೆ ಇಟ್ಟ ಸದ್ದು, ಬೀದಿಯಲ್ಲಿ ಸೊಪ್ಪು ಮಾರುವವಳ ಕೂಗು. ಒಂದನೆಯ ಸಿನಿಮಾದ ನಡುವೆ ನೀನೂ ಇದ್ದೀಯ. ಆರು ವರ್ಷದ ನೀನು, “ಅಪ್ಪಾ, ಅವನ್ಗೆ ಯಾವಾಗ ಗೊತ್ತಾಯ್ತದೆ?” ಅಂತ ಕೇಳುತ್ತೀಯ. ಅವರು, “ಇನ್ನೂ ಕತೆ ಐತಲ್ಲ ಕಂದಾ” ಅನ್ನುತ್ತಾರೆ. ಆ ಜಾಗವನ್ನು ನಾನು ನಾಲ್ಕು ಸಲ ಹಿಂದಕ್ಕೆ ಓಡಿಸಿ ಕೇಳಿದೆ. ಮೂರನೆಯ ದಿನ ಟೇಪು ನಿಲ್ಲಿಸಿ ಕಾಫಿ ಮಾಡಿದವಳು ಎರಡು ಲೋಟಕ್ಕೆ ಹಾಕಿದ್ದೆ. ಒಂದನ್ನು ಚೆಲ್ಲಲು ಮನಸ್ಸು ಬರಲಿಲ್ಲ, ಎರಡನ್ನೂ ಕುಡಿದೆ.

ಭಾನುವಾರ ಹದಿನಾಲ್ಕನೇ ತಾರೀಖು ಆಗಬಹುದು. ಲೈನ್‌ಮನ್ ತಿಮ್ಮಯ್ಯನನ್ನು ವಿಚಾರಿಸಿದೆ, ಅವತ್ತು ಕರೆಂಟು ತೆಗೆಯುವುದಿಲ್ಲವಂತೆ. ಬೆಳಿಗ್ಗೆ ಏಳಕ್ಕೆ ಶುರು ಮಾಡಿದರೆ ಊಟದೊಳಗೆ ಎರಡು ಮುಗಿಯುತ್ತವೆ. ಕೆಂಡಯ್ಯ ಸತ್ತ ಮೇಲೆ ಊಟಕ್ಕೆ ಏಳಿ. ಊಟ ಆದ ಮೇಲೆ ಉಳಿದ ಮೂರು. ಕ್ಯಾಸೆಟ್ಟು ಹಳೆಯದಾಗಿ ಸುರುಳಿ ಹಿಗ್ಗಿದೆ, ಕಥೆ ಸಿನಿಮಾಕ್ಕಿಂತ ಹಿಂದೆ ಬೀಳುತ್ತದೆ. ‘ಈಗ ಬಾಗ್ಲು ತೆಗೀತಾನೆ ನೋಡಿ’ ಅಂತ ಅಪ್ಪ ಅಂದಾಗ ಅಲ್ಲಿ ಬಾಗಿಲು ಆಗಲೇ ತೆಗೆದಿರುತ್ತದೆ. ಗಾನವಿ ಸಿನಿಮಾ ನಿಲ್ಲಿಸಿ ನಿಲ್ಲಿಸಿ ಹೊಂದಿಸಲಿ.

ಕೊನೆಯದಾಗಿ ನೋಡುವ ಸಿನಿಮಾದ ಎರಡನೆಯ ಕ್ಯಾಸೆಟ್ಟು ಮಾತ್ರ ಹಾಕುವುದು ಬೇಡ. ಸುರುಳಿ ಸಿಕ್ಕಿಕೊಂಡಿದೆ. ಅಷ್ಟು ಭಾಗ ನಾನೇ ಪಕ್ಕದಲ್ಲಿ ಕೂತು ಹೇಳುತ್ತೇನೆ. ನಿಮ್ಮಪ್ಪ ಕಥೆಯನ್ನು ಹೇಗೆ ಮುಗಿಸಿದರೋ ನನಗೆ ಗೊತ್ತಿಲ್ಲ, ಏನಾದರೂ ಹೇಳಿ ಮುಗಿಸುತ್ತೇನೆ, ನಗಬೇಡಿ.

ಬರುವಾಗ ಹೊದಿಕೆ ತರಬೇಡ, ಇಲ್ಲಿ ಇದೆ. ಗಾನವಿಯ ಮನೆಯವರಿಗೆ ಹೇಳಿಯೇ ಕರೆದುಕೊಂಡು ಬಾ. ಬುದ್ಧನ ಕರುಣೆ ನಿಮ್ಮಿಬ್ಬರ ಮೇಲೂ ಇರಲಿ. ರೋಗಿಗಳ ಹತ್ತಿರ ನಿನ್ನ ಕೈ ಮೆತ್ತಗಿರಲಿ, ನಿನ್ನ ಮಾತು ಅದಕ್ಕಿಂತ ಮೆತ್ತಗಿರಲಿ.

ನಿನ್ನ ಅಮ್ಮ,
ಇಂದ್ರಾಣಿ

ಮರೆತ ಮಾತು: ಇದನ್ನು ಗಾನವಿಗೆ ಓದಿ ಹೇಳಬೇಡ. ಕಾಗದ ಅಂಟಿಸುವ ಮುಂಚೆ ಮತ್ತೆ ಬಿಚ್ಚಿದ್ದೇನೆ. ಮರೆತದ್ದೇನೂ ಇಲ್ಲ.

ಸುರುಳಿ ಸಿಕ್ಕಿಕೊಂಡಿಲ್ಲ. ಕ್ಯಾಸೆಟ್ಟು ಚೆನ್ನಾಗಿದೆ. ಅವರು ಅದನ್ನು ತುಂಬುತ್ತಿದ್ದ ದಿನ ನಿನಗೆ ಮೈ ಸುಡುವ ಜ್ವರ. ಆಸ್ಪತ್ರೆಗೆ ಹೋಗೋಣ ಅಂತ ಬೆಳಿಗ್ಗೆಯಿಂದ ಹೇಳುತ್ತಿದ್ದೆ. ಸಂಜೆಗೆ ಟಿ.ವಿ. ವಾಪಸು ಹೋಗಬೇಕು, ಇದೊಂದು ಮುಗಿಯಲಿ ಅಂತ ಅವರು ಕೈಸನ್ನೆ ಮಾಡಿದರು. ನೀನು ಒಂದೇ ಸಮನೆ ಕೆಮ್ಮುತ್ತಿದ್ದೆ. ಆಗ ನಾನು ಅಂದದ್ದು ಅದರಲ್ಲಿದೆ: “ಸತ್ತೋನ್ ಕತೆ ಯೋಳ್ಕೊಂಡು ಕೂತ್ಕೊ. ನೀನೂ ಅಂಗೇ ಸತ್ತೋಗು.” ಬಾಗಿಲು ಬಡಿದ ಸದ್ದೂ ಇದೆ. ನಿನ್ನನ್ನು ಎತ್ತಿಕೊಂಡು ಹೊರಟುಬಿಟ್ಟೆ. ಆಮೇಲೆ ಮುಖ ಕೊಟ್ಟು ಮಾತಾಡಲಿಲ್ಲ. ಬೇಕು ಬೇಡ ಅಷ್ಟೇ. ಅವರು ಹೋದದ್ದು ಹದಿನೆಂಟನೆಯ ದಿನ.

ಇದನ್ನು ನಾನು ಮರೆತವಳಲ್ಲ. ಆದರೆ ಟೇಪಿನಲ್ಲಿ ಉಳಿದಿದೆ ಅಂತ ಗೊತ್ತಿರಲಿಲ್ಲ. ಪುಟ್ಟಬಸವಯ್ಯನವರು ಡಬ್ಬ ಕೊಡುವಾಗ ನಗುತ್ತಾ ಇನ್ನೊಂದು ಮಾತು ಕೇಳಿದ್ದರು. ಕೊನೆಯ ಸಿನಿಮಾದಲ್ಲಿ ಒಬ್ಬ ಹೆಂಗಸು ಬೈಯುತ್ತಾಳಲ್ಲ, ಆ ಮಾತು ಬಂದಾಗ ಮಕ್ಕಳು ಸಿಳ್ಳೆ ಹಾಕುತ್ತಿದ್ದವು, ಆ ಪಾರ್ಟು ಮಾಡಿದವರು ಯಾರು ಅಂತ. ಗೊತ್ತಿಲ್ಲ ಅಂದೆ. ನಿಮ್ಮಪ್ಪ ಹೋದ ಮೇಲೆ ಎಂಟು ತಿಂಗಳು ಯಶು, ನರಸೀಪುರದಲ್ಲಿ, ಆ ಸಿನಿಮಾ ಹಾಕಿದಾಗಲೆಲ್ಲ ನಾನು ಅವರಿಗೆ ಅದನ್ನೇ ಹೇಳುತ್ತಿದ್ದೆ.

ಮನೆಯಲ್ಲಿ ಕೇಳುವಾಗ ಬಾಗಿಲು ಬಡಿದ ಕೂಡಲೇ ನಿಲ್ಲಿಸಿದೆ. ಮುಂದೆ ಇನ್ನೂ ಅರ್ಧ ಗಂಟೆಯ ಟೇಪಿದೆ. ಅವರು ಏನು ಅಂದರೋ, ಏನೂ ಅನ್ನದೆ ಕಥೆಗೇ ಹೋದರೋ ನನಗೆ ಗೊತ್ತಿಲ್ಲ. ಕ್ಯಾಸೆಟ್ಟನ್ನು ಉಳಿದವುಗಳ ಜೊತೆಗೇ ಇಟ್ಟಿರುತ್ತೇನೆ. ಹಾಕಬೇಕು ಅನ್ನಿಸಿದರೆ ನೀನೊಬ್ಬಳೇ ಕೂತು ಕೇಳು. ನಾನು ಮಂಚಮ್ಮನ ಮನೆಯಲ್ಲಿರುತ್ತೇನೆ. ಮುಗಿದ ಮೇಲೆ ಬಂದು ಕರಿ. ನನಗೆ ಹೇಳುವಂಥದ್ದು ಅದರಲ್ಲಿ ಇದ್ದರೆ ಹೇಳು. ಇಲ್ಲದಿದ್ದರೆ ಊಟಕ್ಕೆ ಬಾ ಅಂತ ಕರೆದರೆ ಸಾಕು, ನಾನು ಕೇಳುವುದಿಲ್ಲ.